ಹೊಸ್ತಿಲಲ್ಲಿ ನಿಂತ ಸದಸ್ಯ

ಬ್ರಿಟಿಷರ ಕಾಲ. ಸಂಜೆ ಐದೂವರೆಗೆ ಬಂಗಾಳದ ಶಾಸನಸಭೆಯಲ್ಲಿ ಇಯಾದ್ ಅಲಿ ಮೃಧಾ ಮಾತಾಡಲು ಎದ್ದರು. ಆಯ್ಕೆಯಾಗಿ ಬಂದು ಎರಡು ವರ್ಷವಾಗಿದ್ದರೂ ಅವರು ಅಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು.

ಚರ್ಚೆಗೆ ಬಂದದ್ದು ಗೇಣಿ ಮಸೂದೆಯ ಒಂದೇ ಕಲಮು. ನದಿ ನುಂಗಿದ ಹೊಲ ಮುಂದೆಂದಾದರೂ ದಿಬ್ಬವಾಗಿ ಮೇಲೆದ್ದರೆ ಅದು ಹಳೆಯ ರೈತನಿಗೇ ಸೇರಬೇಕು. ಅದುವರೆಗೂ ಅಂಥ ನೆಲವನ್ನು ಜಮೀನ್ದಾರ ತನಗೆ ಬೇಕಾದವರಿಗೆ ಕೊಡುತ್ತಿದ್ದ. ಮೇಘನಾ ನದಿ ಮೃಧಾರ ಊರನ್ನೇ ತಿಂದುಹಾಕಿತ್ತು. ಆ ವರ್ಷ ಅದೇ ಜಾಗದಲ್ಲಿ ಮರಳು ತಲೆಯೆತ್ತಿತ್ತು; ಊರಿನವರು ದಡದ ಗುಡಿಸಲುಗಳಲ್ಲಿ ಕಾದು ಕೂತಿದ್ದರು.

ಮೃಧಾರ ಪಕ್ಷದ ಸಚೇತಕ ಹೇರಂಬ ಭಾದುಡಿ ಮಧ್ಯಾಹ್ನವೇ ತಲೆ ಎಣಿಸಿದ್ದರು. ಎರಡೂ ಕಡೆ ಸಮಸಮ. ಸಮವಾದರೆ ಅಧ್ಯಕ್ಷರು ವಾಡಿಕೆಯಂತೆ ಹಳೆಯ ಕಾನೂನಿನ ಕಡೆಗೇ ಮತ ಹಾಕುತ್ತಾರೆ. ಬೇಕಾಗಿದ್ದ ಇನ್ನೊಂದು ಮತ ಬಾರಿಸಾಲಿನ ಸೋನಾಮಿಯಾ ಹಾವ್ಲಾದಾರರದು. ಅವರ ಸ್ಟೀಮರ್ ಮರಳಿಗೆ ಸಿಕ್ಕಿ, ರೈಲು ತಪ್ಪಿ, ಅವರು ಮುಂದಿನ ಗಾಡಿಯಲ್ಲಿ ಬರುತ್ತಿದ್ದರು.

"ಮೃಧಾ ಸಾಹೇಬ್ರೇ, ಸೋನಾಮಿಯಾ ಬರೋತನಕ ಕೂರ್ಬೇಡಿ," ಎಂದಿದ್ದರು ಭಾದುಡಿ. "ಕೂತ್ರೆ ಮಾತು ಮುಗೀತು ಅಂತ ಲೆಕ್ಕ. ಮತ್ತೆ ಏಳೋ ಹಾಗಿಲ್ಲ, ತಕ್ಷಣ ಮತಕ್ಕೆ ಹಾಕ್ತಾರೆ."

"ಅಷ್ಟು ಹೊತ್ತು ಏನು ಮಾತಾಡ್ಲಿ ಬಾಬು? ನಂಗೆ ಗೊತ್ತಿರೋದು ಹೊಲ ಒಂದೇ."

"ಅದನ್ನೇ ಹೇಳಿ!"

ಮೃಧಾ ಮುಳುಗಿದ ಹೊಲಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳತೊಡಗಿದರು. ಕೊಕ್ಕರೆ ಗದ್ದೆ, ಅದನ್ನು ಉಳುತ್ತಿದ್ದವನು, ಅದು ನೀರಿಗೆ ಹೋದ ವರ್ಷ. ಆಮೇಲೆ ಗೋರಿ ಪಕ್ಕದ ತುಂಡು. ಆಮೇಲೆ ವಿಧವೆ ಜೊಯ್ಗುನ್ ಬೀಬಿಯ ಮಡಿ. ಎದುರು ಸಾಲಿನಿಂದ ಜಮೀನ್ದಾರ ಖಾನ್ ಬಹದ್ದೂರ್ ಗೌಸ್ ಚೌಧುರಿ ಕೂಗಿದರು:

"ಅಧ್ಯಕ್ಷರೇ, ಇವ್ರೇನು ಭಾಷಣ ಮಾಡ್ತಿದಾರೋ, ಕಂದಾಯ ವಸೂಲಿಗೆ ಬಂದಿದಾರೋ?"

"ವಸೂಲಿ ನಿಮ್ಮೋರು ಆಗ್ಲೇ ಮಾಡಾಯ್ತು ಹುಜೂರ್," ಎಂದರು ಮೃಧಾ. "ಹೊಲ ಮುಳುಗಿದ್ಮೇಲೂ ಬಿಡ್ಲಿಲ್ಲ!"

ಹಿಂದಿನ ಬೆಂಚುಗಳು ಮೇಜು ಕುಟ್ಟಿದವು. ಮೃಧಾರ ಗಂಟಲು ಬಿಚ್ಚಿತು.

ಹೊತ್ತು ಮುಳುಗಿದಾಗ ಎಂದಿನಂತೆ ಮಗ್ರಿಬ್ ನಮಾಜಿಗೆ ಕಲಾಪ ನಿಂತಿತು. ಜಗಲಿಯಲ್ಲಿ ಮೃಧಾ, ಖಾನ್ ಬಹದ್ದೂರ್ ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಮಾಜು ಮಾಡಿದರು. ಒಳಗೆ ಬಂದು ಮತ್ತೆ ಎದುರುಬದುರಾದರು. ಮೃಧಾ ಮಾತು ಮುಂದುವರಿಸಿದರು. ಹೇಳಲು ಇನ್ನು ನಾಲ್ಕೇ ಹೊಲ ಉಳಿದಿದ್ದವು.

ಅಷ್ಟರಲ್ಲಿ ತೆರೆದ ಬಾಗಿಲಾಚೆ, ಕಂಕುಳಲ್ಲಿ ಕೊಡೆ ಇರುಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಸೋನಾಮಿಯಾ ಕಂಡರು. ಮೃಧಾ ಹಿಗ್ಗಿಹೋದರು.

"ನನ್ನ ಮಾತು ಮುಗೀತು!" ಎಂದು ಕೂಗಿ ಕೂತೇಬಿಟ್ಟರು.

ಮತಕ್ಕೆ ಗಂಟೆ ಮೊಳಗತೊಡಗಿತು. ಎರಡು ನಿಮಿಷಕ್ಕೆ ಅದು ನಿಂತರೆ ಬಾಗಿಲು ಹಾಕುತ್ತಾರೆ, ಹೊರಗುಳಿದವರಿಗೆ ಮತವಿಲ್ಲ. ಆದರೆ ಸೋನಾಮಿಯಾ ಒಳಗೆ ಬರಲಿಲ್ಲ. ಮೃಧಾ ಕತ್ತು ಚಾಚಿ ನೋಡಿದರು. ಆ ಪುಣ್ಯಾತ್ಮ ದಾರಿಯಲ್ಲಿ ತಪ್ಪಿದ ಮಗ್ರಿಬನ್ನು ಹೊತ್ತು ಮೀರುವ ಮೊದಲು ಮುಗಿಸಲೆಂದು ಜಗಲಿಯಲ್ಲಿ ಟವೆಲು ಹಾಸಿ ನಿಂತಿದ್ದರು. ನಮಾಜಿಗೆ ನಿಂತವರನ್ನು ಕರೆಯುವಂತಿಲ್ಲ, ಮುಟ್ಟುವಂತಿಲ್ಲ.

"ಯಾರ್ರೀ ನಿಮಗೆ ಕೂರೋಕೆ ಹೇಳಿದ್ದು?" ಭಾದುಡಿ ಹಲ್ಲು ಕಡಿದರು.

"ಅವ್ರ ಮುಖ ಕಂಡ್ನಲ್ಲ, ಖುಷಿ ತಡೀಲಿಲ್ಲ ಬಾಬು."

"ಖುಷಿ ತಡೀಲಿಲ್ವಂತೆ! ಹೋಗಿ, ಈಗ ಬಾಗಿಲು ತಡೀರಿ!"

ಗಂಟೆ ನಿಂತಿತು. ಚಪರಾಸಿ ಬಾಗಿಲಿಗೆ ಕೈಹಾಕಿದ. ಮೃಧಾ ಓಡಿಹೋಗಿ ಹೊಸ್ತಿಲ ಮೇಲೆ ನಿಂತರು. ಒಂದು ಕಾಲು ಒಳಗೆ, ಒಂದು ಹೊರಗೆ. ಮಾನ್ಯ ಸದಸ್ಯರ ಮೈಮೇಲೆ ಬಾಗಿಲೆಳೆಯಲು ಚಪರಾಸಿಗೆ ಕೈ ಬರಲಿಲ್ಲ.

"ಸದಸ್ಯರು ಒಳಗಿದ್ದೀರೋ, ಹೊರಗಿದ್ದೀರೋ?" ಅಧ್ಯಕ್ಷರು ಗದರಿದರು.

"ನಮ್ಮ ಹೊಲದ ಪಾಡೂ ಅದೇ ಸ್ವಾಮಿ! ನೀರಲ್ಲಿದ್ಯೋ, ನೆಲದ ಮೇಲಿದ್ಯೋ, ಹೇಳೋರೇ ಇಲ್ಲ!"

ಸಭೆ ಗೊಳ್ಳೆಂದಿತು. "ಅವ್ರನ್ನ ಒಳಕ್ಕೆ ಎಳೀರೋ!" ಎಂಬ ಖಾನ್ ಬಹದ್ದೂರರ ಕೂಗು ನಗುವಿನಲ್ಲಿ ಮುಳುಗಿತು. ಅಧ್ಯಕ್ಷರು ಸುತ್ತಿಗೆ ಬಡಿದರು; ಆ ಸದ್ದೂ ಕೇಳಲಿಲ್ಲ. ಜಗಲಿಯಲ್ಲಿ ಸೋನಾಮಿಯಾ ನಮಾಜಿನ ಕೊನೆಯ ಸಲಾಮಿಗೆ ಬಲಕ್ಕೆ ಮುಖ ತಿರುಗಿಸಿದರು, ಎಡಕ್ಕೆ ತಿರುಗಿಸಿದರು, ಎದ್ದವರೇ ಟವೆಲು, ಕೊಡೆ, ಜೋಡು ಎಲ್ಲ ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿಬಂದರು. ಮೃಧಾರ ತೋಳಿನಡಿ ತಲೆ ತಗ್ಗಿಸಿ ಒಳಗೆ ನುಗ್ಗಿದರು. ಮೃಧಾ ಹೊರಗಿನ ಕಾಲನ್ನು ಒಳಗೆಳೆದುಕೊಂಡರು. ಬಾಗಿಲು ಮುಚ್ಚಿತು.

ಕಲಮು ಒಂದು ಮತದಿಂದ ಗೆದ್ದಿತು. ಮರುವಾರ ಮಸೂದೆ ಮೇಲ್ಮನೆಗೆ ಹೋಯಿತು.