ಮೂರು ಸಲ ತಟ್ಟುತ್ತಿದ್ದ ಖಾವ್ ಅಂಕಲ್

ಇಲ್ಲ ಸ್ವಾಮಿ, ಸುಳ್ಳಲ್ಲ. ಮಲಗಿಸಿಟ್ಟ ಲ್ಯಾಪ್‌ಟಾಪಿನ ಮುಚ್ಚಳ ತೆರೆಯುವ ಮುಂಚೆ ಅದನ್ನು ಬಾಗಿಲಿನಂತೆ ಮೂರು ಸಲ ತಟ್ಟುವ ಮನುಷ್ಯರೊಬ್ಬರು ಮಲೇಷ್ಯಾದ ನಮ್ಮ ಪೆನಾಂಗಿನ ಲ್ಯಾಪ್‌ಟಾಪ್ ಕಾರ್ಖಾನೆಯಲ್ಲಿದ್ದರು. ಒಮ್ಮೆ ಒಳಗಿನಿಂದ ಯಾರೋ ತಿರುಗಿ ತಟ್ಟಿದರು ಅಂತಲೂ ಹೇಳುತ್ತಿದ್ದೆ. ಹೋಗಲಿ, ಅದೊಂದು ಸುಳ್ಳು. ಉಳಿದದ್ದು ನಿಜ, ನಿಜವಾಗಿರದಿದ್ದರೆ ಚೆನ್ನಾಗಿತ್ತು.

ಪರೀಕ್ಷಾ ವಿಭಾಗದ ಖಾವ್ ತೇಕ್ ಲಿಯಾಂಗ್ ಅವರದು ಬಲಗಾಲು ತುಸು ಎಳೆಯುವ ನಡಿಗೆ. ಏಸಿಯ ಚಳಿಗೆಂದು ಹೊಲಿಸಿದ ಬೂದು ಕೋಟನ್ನು ಹೊರಗಿನ ಸುಡುಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಅದರ ಎದೆಜೇಬಿನಲ್ಲಿ, ಯಂತ್ರದ ಪಕ್ಕದ ಸೀಳಿಗೆ ತೂರಿಸುವ ಮೆಮೊರಿ ಕಾರ್ಡುಗಳು ಕರವಸ್ತ್ರದಲ್ಲಿ ಬೆಚ್ಚಗೆ ಮಲಗಿರುತ್ತಿದ್ದವು. ಒಳಗೆ ದೆವ್ವವಿದ್ದೀತೆಂದು ಖಾಲಿ ಹೋಟೆಲ್ ಕೋಣೆಯನ್ನೂ ತಟ್ಟಿಯೇ ಒಳಹೋಗುವ ನಮ್ಮ ಚೀನೀಯರ ರೂಢಿಯನ್ನು ಅವರು ಯಂತ್ರಕ್ಕೂ ವಿಸ್ತರಿಸಿದ್ದರು.

"ಮಲಗಿದ್ದಾಗ ಯಾರೋ ಕಾರ್ಡ್ ಬದಲಾಯ್ಸಿರ್ತಾರೆ ಕಣೋ ಸೆಂಗ್. ಎದ್ದ ತಕ್ಷಣ ಒಳಗ್ಯಾರಿದ್ದೀರಿ ಅಂತ ಕೇಳ್ಬೇಡ್ವಾ?"

ಯಂತ್ರವನ್ನು ಎಬ್ಬಿಸುವ ತಂತ್ರಾಂಶ ಬರೆಯುತ್ತಿದ್ದವನು ನಾನು. ಬೇಗ ಏಳಲೆಂದು ಆ ವಿಚಾರಣೆಯ ಸಾಲುಗಳನ್ನೇ ಕಿತ್ತುಹಾಕಿದ್ದೆ. ಎರಡು ಸೆಕೆಂಡು ಉಳಿದಿತ್ತು, ಮ್ಯಾನೇಜರ್ ಶಭಾಷ್ ಎಂದಿದ್ದರು.

"ದೆವ್ವಕ್ಕೆಲ್ಲ ಕೋಡ್ ಬರೆಯೋಕಾಗಲ್ಲ ಅಂಕಲ್!" ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು.

ಖರೀದಿದಾರರು ಬಂದ ದಿನ ಬೆಳಿಗ್ಗೆ, ಯಂತ್ರ ಮಲಗಿದ್ದಾಗ, ಅವರು ಕೇಳಿದರೆಂದು ಅಂಕಲ್ ನಮ್ಮ ಕಾರ್ಡ್ ತೆಗೆದು ಆ ಖರೀದಿದಾರರ ಕಾರ್ಡ್ ಹಾಕಿದರು. ತಟ್ಟಿದರು, ತೆರೆದರು. ಹಳೆಯ ಕಾರ್ಡೇ ಇದೆಯೆಂದು ಭ್ರಮಿಸಿದ ಯಂತ್ರ ಅದರ ಕಡತಗಳ ಪಟ್ಟಿಯನ್ನು ಹೊಸದರ ಮೇಲೆ ಬರೆದೇಬಿಟ್ಟಿತು. ಅದರಲ್ಲಿದ್ದ ಖರೀದಿದಾರರ ಮೂರು ತಿಂಗಳ ಅಳತೆಗಳು ಅಳಿಸಿಹೋದವು.

"ನನ್ನ ಕೈತಪ್ಪಲ್ಲ ಸಾರ್. ಇದು ಎದ್ದಾಗ ಕೇಳೋದೇ ಇಲ್ಲ," ಎಂದರು ಅಂಕಲ್.

ಊಟದ ನಂತರ ಮತ್ತೆ ಪರೀಕ್ಷಿಸೋಣ ಎಂದರು ಮ್ಯಾನೇಜರ್. ಎಲ್ಲರೂ ಕ್ಯಾಂಟೀನಿಗೆ ಹೋದಾಗ ನಾನು ಹೊಟ್ಟೆನೋವೆಂದು ಉಳಿದುಕೊಂಡು, ಕಿತ್ತ ಸಾಲುಗಳನ್ನು ಸದ್ದಿಲ್ಲದೆ ಅದೇ ಯಂತ್ರಕ್ಕೆ ಮರಳಿ ಸೇರಿಸಿದೆ. ಮಧ್ಯಾಹ್ನ ಹತ್ತು ಸಲ ಕಾರ್ಡ್ ಬದಲಿಸಿದರೂ ಯಂತ್ರ ಸಾಧುವಾಗಿ ಎದ್ದು ಕೂತಿತು.

"ಈಗ ಕೇಳ್ತಿದೆಯಲ್ಲ? ಮುದುಕರ ಕೈ ನಡುಗಿತು ಅಷ್ಟೇ," ಎಂದರು ಮ್ಯಾನೇಜರ್.

ಅಂಕಲ್ ಕೈಗಡಿಯಾರ ನೋಡಿದರು. ಆಮೇಲೆ ನನ್ನನ್ನು ನೋಡಿ, ನನಗಷ್ಟೇ ಕೇಳುವಂತೆ ಅಂದರು: "ಬೆಳಿಗ್ಗೆಗಿಂತ ಎರಡು ಸೆಕೆಂಡ್ ತಡವಾಗಿ ಏಳ್ತಿದೆ, ಅಲ್ವೇನೋ?"

ನಾನು ಕೀಲಿಮಣೆ ಒರೆಸುತ್ತಾ ಕೂತೆ. ಮರುದಿನದಿಂದ ಅವರಿಗೆ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸ. ಕೋಟು ಹಾಗೇ ಇತ್ತು, ಎದೆಜೇಬು ಖಾಲಿ. ನಿವೃತ್ತಿಯವರೆಗೂ ಅವರು ಆ ಮಾತನ್ನು ಯಾರೊಂದಿಗೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಂಥವರು ಯಾರ ಮನಸ್ಸಿನ ಬಾಗಿಲನ್ನೂ ನೂಕಿಕೊಂಡು ಒಳಗೆ ಬರುವವರಲ್ಲ. ಮೆಲ್ಲಗೆ ತಟ್ಟಿ, ಉತ್ತರಕ್ಕೆ ಕಾಯುತ್ತಾರೆ. ಅಂದು ನನ್ನನ್ನೂ ತಟ್ಟಿದರು, ಕಾದರು. ನಾನು ಒಳಗೇ ಇದ್ದೆ ಸ್ವಾಮಿ. ಇದ್ದೂ ಓ ಎನ್ನಲಿಲ್ಲ...

"ಮಾವಾ, ಯಾರ ಹತ್ರ ಮಾತು? ಎಷ್ಟು ಸಲ ಬಾಗಿಲು ತಟ್ಟೋದು, ಗಂಜಿ ಆರ್ತಿದೆ!"

"ಓ... ಬಂದೆನಮ್ಮಾ."