ಹಟ್ಟಿಯಾಚೆಯ ರೂಮು

ನಮ್ಮ ಅಜ್ಜಿ ಆರೋಗ್ಯಮ್ಮ ತೀರಿಕೊಂಡ ಮೇಲೆ ಬಂದವರೆಲ್ಲ "ಸಂತಳಂಥ ಹೆಂಗಸು" ಅನ್ನುತ್ತಿದ್ದಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಂತಳೂ ಇಲ್ಲ, ಮಣ್ಣೂ ಇಲ್ಲ. ಮಹಾ ಮುಂಗೋಪಿ! ಬೆಳಗಿನ ಜಪಸರದ ಮಧ್ಯೆ ಹಾಲು ಉಕ್ಕಿದರೆ "ನಮೋ ಮರಿಯಾ" ಅನ್ನುವುದನ್ನು ನಿಲ್ಲಿಸಿ, "ಏಯ್ ಜಪಮಾಲಾ, ಕಣ್ಣು ಎಲ್ಲಿಟ್ಟಿದೀಯೇ?" ಅಂತ ಮೊಮ್ಮಗಳಾದ ನನ್ನನ್ನು ಬೈದು, ಬಿಟ್ಟಲ್ಲಿಂದಲೇ ಪ್ರಾರ್ಥನೆ ಮುಂದುವರಿಸುತ್ತಿದ್ದಳು. ಅವಳಿಗೆ ತೊಂಬತ್ತು ದಾಟಿದ ಮೇಲೂ ಬುಕ್ಕಾಪಟ್ಟಣದ ಬೀದಿಯಲ್ಲಿ ಬೀಡಿ ಸೇದುವ ಮುದುಕರು ಅವಳ ಕೋಲಿನ ಸದ್ದು ಕೇಳಿದರೆ ಬೀಡಿ ಎಸೆದು ಎದ್ದು ನಿಲ್ಲುತ್ತಿದ್ದರು. ಎಲ್ಲರೂ ಅವಳ ಹತ್ತಿರವೇ ಅ ಆ ತಿದ್ದಿದವರು.

ಊರಿನಾಚೆ, ಕುರುಚಲು ಕಾಡಿನ ಅಂಚಿಗೆ ಒಂದು ಹಟ್ಟಿ. ಅಜ್ಜಿ ಟೀಚರಾಗಿ ಸೇರಿದ್ದೂ ಹೆಡ್‌ಮಿಸ್ಸಾಗಿ ರಿಟೈರಾದದ್ದೂ ಅಲ್ಲಿನ ಶಾಲೆಯಲ್ಲೇ. ಆ ಹಟ್ಟಿಯಲ್ಲಿ ಮುಟ್ಟಾದ ಹುಡುಗಿ ಮನೆಯೊಳಗೆ ಇರುವಂತಿಲ್ಲ, ಬಾಣಂತಿಯೂ ಇರುವಂತಿಲ್ಲ. ಮೈಲಿಗೆಯಂತೆ, ದೇವರು ಮುನಿಯುತ್ತಾನಂತೆ. ಹಟ್ಟಿಯಾಚೆ ಒಂದು ಗುಡಿಸಲು. ಹಸಿಮೈ ತಾಯಿ ಹಸುಗೂಸನ್ನು ಕಟ್ಟಿಕೊಂಡು ಅಲ್ಲೇ ಬಿದ್ದಿರಬೇಕು. ಬಿಸಿಲೋ, ಚಳಿಯೋ, ಹಾವೋ ಚೇಳೋ, ಅವಳ ಹಣೆಬರಹ. ಊಟ ದೂರದಲ್ಲಿಟ್ಟು ಹೋಗುತ್ತಾರೆ.

ಹುಡುಗಿಯರು ಶಾಲೆ ಬಿಟ್ಟು ಆ ಸೋರುವ ಗುಡಿಸಲಲ್ಲಿ ಮುದುರಿ ಕೂತಿದ್ದನ್ನು ಅಜ್ಜಿಗೆ ನೋಡಲಾಗಲಿಲ್ಲ. ರಿಟೈರಾದ ವರ್ಷ, ಚರ್ಚಿನವರನ್ನು ಕಾಡಿ ಬೇಡಿ, ಅದೇ ಜಾಗದಲ್ಲಿ ಗಟ್ಟಿ ರೂಮೊಂದನ್ನು ಕಟ್ಟಿಸಿದಳು. ಇಟ್ಟಿಗೆ ಗೋಡೆ, ಮೇಲೆ ಶೀಟು, ಒಂದು ಮಂಚ. ಹಟ್ಟಿಯವರು ಹಾರ ಹಾಕಿದರು. ಈಗ ಹಟ್ಟಿಯ ಯಜಮಾನನಾಗಿರುವ ದೊಡ್ಡರಂಗಪ್ಪ, ಅವನೂ ಅಜ್ಜಿಯ ಶಿಷ್ಯನೇ, "ನಮ್ ಹೆಣ್ಮಕ್ಕಳಿಗೆ ನೆಳ್ಳು ಕೊಟ್ಟ ತಾಯಿ" ಅಂತ ಭಾಷಣ ಬಿಗಿದ. ಅಜ್ಜಿಯೂ ಬಹಳ ವರ್ಷ ಆ ರೂಮಿನ ಬಗ್ಗೆ ಹೆಮ್ಮೆಪಟ್ಟುಕೊಂಡೇ ಇದ್ದಳು.

ಇದೇ ದೊಡ್ಡರಂಗಪ್ಪನ ಸೊಸೆ ವರಲಕ್ಷ್ಮಿ. ನಮ್ಮ ಜಗಲಿಯಲ್ಲಿ ಅಜ್ಜಿಯ ಹತ್ತಿರ ಟ್ಯೂಷನ್ ಹೇಳಿಸಿಕೊಂಡು ಪಿಯುಸಿ ಮುಗಿಸಿದ ಹುಡುಗಿ. ಎರಡು ವರ್ಷದ ಕೆಳಗೆ, ಕೊರೆಯುವ ಚಳಿಯಲ್ಲಿ, ಚೊಚ್ಚಲ ಮಗುವಿನೊಂದಿಗೆ ಅವಳನ್ನು ಆ ರೂಮಿಗೆ ಕಳಿಸಿದರು. ನಾವು ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುತ್ತಿದ್ದೆವು. ಅಜ್ಜಿ ಬಾಲಯೇಸುವಿನ ಗೊಂಬೆಯ ಧೂಳು ಒರೆಸುತ್ತಿದ್ದಳು. ಆಗ ಸುದ್ದಿ ಬಂತು. ಶೀಟಿನಿಂದ ಇಳಿದ ಶೀತಕ್ಕೆ ಕೂಸು ಎದೆ ಕಟ್ಟಿ ಹೋಗಿಬಿಟ್ಟಿತ್ತು.

ಅಜ್ಜಿ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡಳು. "ನಮ್ಮ ಮರಿಯಾ ಮಾತೆಗೂ ಹೆರೋಕೆ ಯಾರೂ ಒಳಗೆ ಜಾಗ ಕೊಡಲಿಲ್ಲ ಕಣೇ" ಅಂದಳು. "ಕೊಟ್ಟಿಗೇಲಿ ಹೆತ್ತಳು. ಆ ಕತೇನ ವರ್ಷಾವರ್ಷ ಹಾಡ್ಕೊಂಡು, ನಾನೇ ಹೋಗಿ ಇನ್ನೊಂದು ಕೊಟ್ಟಿಗೆ ಕಟ್ಟಿಸಿಬಿಟ್ಟೆನಲ್ಲೇ! ಗುಡಿಸಲು ಸೋರ್ತಿದ್ದಾಗ ಹಟ್ಟಿಯವರ ಮನಸ್ಸು ಒಂಚೂರಾದರೂ ಚುಚ್ತಿತ್ತು. ನಾನು ಶೀಟು ಹೊದಿಸಿ ಅದನ್ನೂ ನಿಲ್ಲಿಸಿಬಿಟ್ಟೆ." ಆ ವರ್ಷ ನಮ್ಮ ಗೋದಲಿ ಅರ್ಧಕ್ಕೇ ಉಳಿಯಿತು.

ಈ ವರ್ಷ ವರಲಕ್ಷ್ಮಿ ಶಿರಾದ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಮನೆಗೆ ಕಳಿಸುವ ದಿನ ಬೆಳಗ್ಗೆಯೇ ಅಜ್ಜಿಗೆ ಫೋನು ಮಾಡಿದಳು. "ಟೀಚರಮ್ಮ, ಮತ್ತೆ ಆ ರೂಮ್ಗೇ ಅಂತಾವ್ರೆ. ಇದೂ ಉಳಿಯಾಕಿಲ್ಲ."

ಅಜ್ಜಿ ದಿಂಬು, ಕಂಬಳಿ, ಜಪಸರ ಎತ್ತಿಕೊಂಡು, "ಆಟೋ ಕರಿಯೇ" ಅಂದಳು. ಹಟ್ಟಿಗೆ ಹೋಗಿ ಆ ರೂಮಿನ ಮಂಚದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು! ನಾನು ತಲೆ ಚಚ್ಚಿಕೊಂಡೆ. "ಸುಮ್ನಿರೇ, ನಾನು ಕಟ್ಟಿಸಿದ ರೂಮು, ನಾನೇ ಇರ್ತೀನಿ" ಅಂದಳು.

ದೊಡ್ಡರಂಗಪ್ಪ ಓಡಿಬಂದ. ಹಿಂದೆ ಹಟ್ಟಿಗೆ ಹಟ್ಟಿಯೇ ಬಂತು.

"ಇದೇನು ಟೀಚರಮ್ಮ, ಎದ್ದೇಳಿ. ಬಾಣಂತಿ ಬರೋ ಹೊತ್ತು."

"ಜಾಗ ಇಲ್ಲ ಕಣ್ಲಾ. ನಿನ್ನ ಮನೇಲಿ ಮೂರು ಕೋಣೆ ಇದಾವಲ್ಲ, ಅಲ್ಲಿಗೆ ಕರ್ಕೊಂಡು ಹೋಗು."

"ದೇವ್ರ ಒಕ್ಕಲು ನಾವು. ನಮ್ಮಜ್ಜ ಮುತ್ತಜ್ಜನ ಕಾಲ್ದಿಂದ ಇಂಗೇ ನಡ್ಕಂಡು ಬಂದೈತೆ. ಮೈಲಿಗೆ ಒಳೀಕೆ ಬಂದ್ರೆ ಹಟ್ಟಿ ಹಾಳಾಗೋಯ್ತದೆ."

"ಹೋದ ಸಲ ಹಾಳಾಗಿದ್ದು ಹಟ್ಟಿಯೇನೋ? ನಿನ್ನ ಮೊಮ್ಮಗ."

ಅವನ ಮುಖ ಕೆಂಪೇರಿತು. "ನೀವು ಚರ್ಚಿನೋರು, ನಮ್ ದೇವ್ರ ಇಚಾರ ನಿಮಗ್ಯಾಕೆ? ನಮ್ಮನ್ನ ಕುಲ ಕೆಡ್ಸಾಕೆ ಬಂದಿದ್ದೀರಾ?"

ಅಜ್ಜಿ ಕೋಲೂರಿ ಎದ್ದು ಕೂತಳು. "ಲೇ ದೊಡ್ಡರಂಗ, ನಿನ್ನ ದೇವರನ್ನ ನೀನೇ ಇಟ್ಕೊಳ್ಳೋ, ನನಗೆ ನನ್ನ ದೇವರು ಸಾಕು. ನಿನ್ನ ಸೊಸೇನ ಒಳಗಿಟ್ಕೊ ಅಂದೆ, ಅಷ್ಟೇ. ನಿನ್ನನ್ನೂ ಒಬ್ಬಳು ಹೆತ್ತಳಲ್ಲ, ಆ ರಕ್ತ ತೊಳ್ಕೊಂಡೇ ತಾನೇ ಗುಡಿ ಮೆಟ್ಟಿಲು ಹತ್ತಿದ್ದು ನೀನು?"

ಅಷ್ಟರಲ್ಲಿ ವರಲಕ್ಷ್ಮಿಯ ಗಂಡ ಮುತ್ತುರಾಜು ತನ್ನ ಆಟೋದಲ್ಲಿ ಹೆಂಡತಿ ಮಗುವನ್ನು ಕರೆತಂದ. ವರಲಕ್ಷ್ಮಿ ಇಳಿದಳು. ರೂಮಿನ ಮಂಚದ ಮೇಲೆ ಕೂತ ಅಜ್ಜಿಯನ್ನು ನೋಡಿದಳು, ಮಾವನನ್ನು ನೋಡಿದಳು. ಸೆರಗು ಮಗುವಿನ ತಲೆಗೆ ಎಳೆದು, ಅಷ್ಟು ಜನದ ನಡುವೆ ನೆಟ್ಟಗೆ ಹಟ್ಟಿಯೊಳಕ್ಕೆ ನಡೆದೇಬಿಟ್ಟಳು. ದೊಡ್ಡರಂಗಪ್ಪ "ಏಯ್!" ಅಂದ. ಅವಳು ತಿರುಗಲಿಲ್ಲ. ಮನೆಯ ಹೊಸ್ತಿಲಲ್ಲಿ ಅತ್ತೆ ಚಿಕ್ಕಹನುಮಕ್ಕ ನಿಂತಿದ್ದಳು. ಮೆಲ್ಲಗೆ ಪಕ್ಕಕ್ಕೆ ಸರಿದಳು.

ಬಾಣಂತಿಯನ್ನು ಮತ್ತೆ ಹೊರಗೆ ಹಾಕಿಯಾರೆಂದು ಅಜ್ಜಿ ಆ ರೂಮು ಬಿಟ್ಟು ಏಳಲೇ ಇಲ್ಲ. ನಾನೂ ಅವಳ ಜೊತೆಗೇ ಇದ್ದೆ. ಗೋಡೆಯ ಥಂಡಿ ನನ್ನ ಮೂಳೆಗೇ ಇಳಿಯುತ್ತಿತ್ತು, ಇನ್ನು ಅವಳಿಗೆ ಹೇಗಿದ್ದೀತು! ವಾರ ಕಳೆಯುವಷ್ಟರಲ್ಲಿ ಕೆಮ್ಮು ಹಿಡಿಯಿತು. ಆ ಕೂಸನ್ನು ಕೊಂದ ಶೀತವೇ ಅಜ್ಜಿಯ ಎದೆಗೂ ಕಟ್ಟಿತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಮಗು ಒಳಗಿದೆ ತಾನೇ?" ಒಳಗಿದೆ ಅಜ್ಜಿ ಅಂದೆ. ಅದಾದ ಮೇಲೆ ಹೆಚ್ಚು ಹೊತ್ತು ಇರಲಿಲ್ಲ.

ಮಣ್ಣು ಮಾಡುವಾಗ ಹಟ್ಟಿಯವರೂ ಬಂದಿದ್ದರು, ಚರ್ಚಿನ ಸ್ಮಶಾನದ ಗೇಟಿನಾಚೆ ನಿಂತಿದ್ದರು. ಫಾದರ್ ಪ್ರಾರ್ಥನೆ ಮುಗಿಸಿದ ಮೇಲೆ ದೊಡ್ಡರಂಗಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ಒಳ್ಳೆ ಹೆಂಗ್ಸು. ಆದ್ರೆ ದೇವ್ರ ಕಟ್ಲೆ ಮುರುದ್ರು. ದೇವ್ರು ಬುಡ್ಲಿಲ್ಲ, ನೋಡಿ."

ನನಗೆ ರೇಗಿತು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು. ಮಗುವನ್ನು ಎದೆಗವಚಿಕೊಂಡು ವರಲಕ್ಷ್ಮಿ ಗೇಟು ದಾಟಿ ಒಳಗೇ ಬಂದಿದ್ದಳು.

"ಅಂಗಾರೆ ಹೇಳು ಮಾವ, ನನ್ ಮೊದಲ್ನೇ ಮಗೀನ ಯಾಕೆ ಬುಡ್ಲಿಲ್ಲ? ಅದು ಯಾವ ಕಟ್ಲೆ ಮುರಿದಿತ್ತು? ನೀನು ಹೇಳಿದಂಗೇ ಆಚೇನೇ ಮಲಗಿತ್ತಲ್ಲ! ಕಟ್ಲೆ ಮುರಿದು ಒಳೀಕೆ ಬಂದಿರೋಳು ಇಲ್ಲೇ ಅವ್ಳೆ. ನೋಡು, ಎಂಗವ್ಳೆ!"

ದೊಡ್ಡರಂಗಪ್ಪ ಮೊಮ್ಮಗಳನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ವರಲಕ್ಷ್ಮಿ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದಳು. ಗುಂಡಿ ತೋಡಿದ ಹಾರೆ ಪಕ್ಕದಲ್ಲೇ ಬಿದ್ದಿತ್ತು. ಅದನ್ನೆತ್ತಿ ಗಂಡನ ಆಟೋದಲ್ಲಿಟ್ಟಳು. "ಆ ರೂಮ್ತಾವ ನಡಿ" ಅಂದಳು. ಮುತ್ತುರಾಜು ಅಪ್ಪನ ಮುಖ ನೋಡದೆ ಆಟೋ ಸ್ಟಾರ್ಟ್ ಮಾಡಿದ. ನಾವೆಲ್ಲ ಹಿಂದೆಯೇ ಹೋದೆವು.

ಮಗುವನ್ನು ನನ್ನ ಕೈಗೆ ಕೊಟ್ಟು ಅವಳು ಗೋಡೆಗೆ ಒಂದೇಟು ಹಾಕಿದಳು. ಗಾರೆ ಉದುರಿತು. ಇನ್ನೊಂದಕ್ಕೆ ಹಾರೆ ಎತ್ತುವಾಗ ಕೈ ಸೋತಿತು. ಆಗ ಚಿಕ್ಕಹನುಮಕ್ಕ ಗುಂಪು ಬಿಟ್ಟು ಮುಂದೆ ಬಂದಳು. ಹರೆಯದಿಂದ ಮುಟ್ಟು ನಿಲ್ಲುವತನಕ ತಿಂಗಳು ತಿಂಗಳೂ ಇದೇ ಜಾಗದಲ್ಲಿ ಕೂತೆದ್ದವಳು. ಸೊಸೆಯ ಕೈಯಿಂದ ಹಾರೆ ಕಿತ್ತುಕೊಂಡಳು.

"ಹಸಿಮೈ ಬಾಣಂತಿ, ಹಾರೆ ಎತ್ತಬಾರ್ದು ಕಣಮ್ಮ" ಅಂದಳು. "ಇದ ನಾನು ನೋಡ್ಕಂತೀನಿ. ನೀನು ಮಗೀನ ಒಳೀಕೆ ಕರ್ಕಂಡೋಗು."