ಎಲೆ ಅಡಿಕೆ ಚೀಲದ ಮಾತ್ರೆ

ಗುಬ್ಬಿ ಕಡೆಯ ಆ ಊರಿನಲ್ಲಿ ಹನುಮಕ್ಕನ ಎಲೆ ಅಡಿಕೆ ಚೀಲಕ್ಕೆ ಡಾಕ್ಟರ್ ಶಾಪಿನಷ್ಟೇ ಮರ್ಯಾದೆ. ಒಂದು ಗೂಡಿನಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಸುಣ್ಣದ ಡಬ್ಬಿ, ಕೊನೆಯ ಗೂಡಿನಲ್ಲಿ ಮಾತ್ರೆ. ಅವಳ ಸೊಂಟದ ಮೂಳೆ ಮುರಿದು ಆಪರೇಷನ್ ಆದಾಗ ಡಾಕ್ಟರು ಸ್ವಲ್ಪ ದಿನಕ್ಕೆಂದು ಬರೆದುಕೊಟ್ಟಿದ್ದ ನೋವಿನ ಮಾತ್ರೆ ಅದು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಕುಣಿಗಲ್‌ನಲ್ಲಿರುವ ತಮ್ಮನ ಮಗ ತಿಮ್ಮೇಶ್ ಯಾವುದೋ ಅಂಗಡಿಯಿಂದ ಚೀಟಿಯಿಲ್ಲದೆ ತಂದುಕೊಡುತ್ತಿದ್ದ. ಹನುಮಕ್ಕ ಮಾತ್ರೆಯ ಪಟ್ಟಿಯನ್ನು ಕತ್ತರಿಯಲ್ಲಿ ಒಂದೊಂದು ಚೂರಾಗಿ ಕತ್ತರಿಸಿ ಚೀಲಕ್ಕೆ ಸೇರಿಸುವಳು. ಮಂಡಿ ನೋವು ಎಂದು ಜಗಲಿಗೆ ಬಂದವರಿಗೆ ಎಲೆ ಅಡಿಕೆ ಕೊಟ್ಟ ಹಾಗೆ ಮಾತ್ರೆಯನ್ನೂ ಕೊಡುವಳು. ಬೇಡ ಎಂದರೆ ಅವಳಿಗೆ ಸಿಟ್ಟು.

ಸೊಸೆ ಹೇಮಶ್ರೀ ಕಾಯಿಪುಡಿ ಫ್ಯಾಕ್ಟರಿಯಲ್ಲಿ ದಿನವಿಡೀ ಬಗ್ಗಿ ಕೂತು ತೆಂಗಿನಕಾಯಿಯ ಸಿಪ್ಪೆ ಹೆರೆಯುವವಳು. ಈಗ ಐದು ತಿಂಗಳ ಬಸುರಿ. ಬೆನ್ನು ನೋವೆಂದು ಅವಳು ಅತ್ತಾಗ ಹನುಮಕ್ಕನ ಕರುಳು ಚುರುಕ್ ಎಂದಿತು. "ತಗೋ ಕಣವ್ವ, ನಂದೇ ಮಾತ್ರೆ" ಎಂದಳು. ದಿನಕ್ಕೆ ಒಂದಿದ್ದದ್ದು ಎರಡಾಯಿತು, ವಾರಗಳು ತಿಂಗಳಾದವು.

ಕಬ್ಬಿಣದ ಮಾತ್ರೆ ಕೊಡಲು ಬಂದ ಆಶಾ ಕಾರ್ಯಕರ್ತೆ ದಾಕ್ಷಾಯಣಿ ಹೇಮಶ್ರೀಯ ಮುಖವನ್ನೇ ನೋಡಿದಳು. ಹುಡುಗಿ ಕೂತಲ್ಲೇ ತೂಕಡಿಸುತ್ತಿದ್ದಳು.

"ಬೇರೆ ಏನಾದ್ರೂ ಮಾತ್ರೆ ತಗೋತಿದೀಯಾ?"

"ಅತ್ತೆ ಕೊಡ್ತಾರೆ ಅಕ್ಕ, ಬೆನ್ನಿಗೆ."

ಹೇಮಶ್ರೀ ತೋರಿಸಿದ ಪಟ್ಟಿಯ ಚೂರನ್ನು ದಾಕ್ಷಾಯಣಿ ತಿರುಗಿಸಿ ನೋಡಿದಳು. ಕತ್ತರಿಸಿದ್ದರಿಂದ ಹೆಸರೂ ಇಲ್ಲ, ತಾರೀಖೂ ಇಲ್ಲ. "ಇದು ಯಾವುದು ಹನುಮಕ್ಕ?"

"ಯಾವುದಾದ್ರೇನು? ಆಪರೇಷನ್ ಆದಾಗ ನಾನೇ ನುಂಗಿವ್ನಿ, ಗುಂಡುಕಲ್ಲಂಗೆ ಇವ್ನಿ!"

"ನೀವು ಬಸುರಿ ಅಲ್ವಲ್ಲ. ಆಪರೇಷನ್ ಆದೋರಿಗೆ ಕೊಡೋ ಕೆಲವು ಮಾತ್ರೆ ಮಗುಗೂ ಹೋಗ್ತವೆ. ನಾಳೆ ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರ್ಸಣ. ಅಲ್ಲೀವರ್ಗೂ ನೀವೇ ಜಾಸ್ತಿ ಮಾಡೋದು, ತಟ್ಟಂತ ನಿಲ್ಸೋದು ಏನೂ ಬೇಡ."

"ಬುಡು ಬುಡು, ನಾನೇನು ವಿಷ ಕೊಟ್ಟಿದ್ನಾ?" ಎಂದು ಹನುಮಕ್ಕ ಸಿಡುಕಿದಳು. ಆದರೆ ದಾಕ್ಷಾಯಣಿ ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. 'ಮಗುಗೂ ಹೋಗ್ತವೆ' ಅನ್ನುವ ಮಾತೊಂದೇ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಕೊನೆಗೆ ಎದ್ದು, ಚೀಲದ ಮಾತ್ರೆಗಳನ್ನೆಲ್ಲ ನೀರೊಲೆಗೆ ಸುರಿದಳು. ಭಯದಲ್ಲಿ ಅರ್ಧ ಮಾತು ಮಾತ್ರ ಕೇಳಿಸಿಕೊಂಡಿದ್ದಳು, ಪಾಪ.

ಬೆಳಗಿನ ಹೊತ್ತಿಗೆ ಹೇಮಶ್ರೀಗೆ ಮೈಯೆಲ್ಲ ಬೆವರು. ಮೂಗು ಸೋರುತ್ತಿದೆ, ಆಕಳಿಕೆ ಮೇಲೆ ಆಕಳಿಕೆ, ಹೊಟ್ಟೆ ನುಲಿತ. ಕೂರುತ್ತಾಳೆ, ಏಳುತ್ತಾಳೆ, ಮತ್ತೆ ಮಲಗುತ್ತಾಳೆ. ಹನುಮಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ದೃಷ್ಟಿಯಾಗಿದ್ದರೆ ತಾನೇ ಹೋಗಲು? ಮಗ ಚಂದ್ರು ಗಾಬರಿಯಿಂದ ದಾಕ್ಷಾಯಣಿಗೆ ಫೋನ್ ಮಾಡಿದ.

ಆಕೆ ಬಂದವಳೇ ಕೇಳಿದಳು: "ಮಾತ್ರೆ ನಿಲ್ಸಿಬಿಟ್ರಾ?"

ಹನುಮಕ್ಕ ಸೆರಗು ಬಾಯಿಗಿಟ್ಟುಕೊಂಡಳು. "ಒಲೆಗೆ ಹಾಕ್ಬುಟ್ಟೆ ಕಣವ್ವ. ನನ್ ಮೊಮ್ಮಗಿನ ನಾನೇ ಏನ್ ಮಾಡ್ಬುಟ್ನೋ!"

"ಅಳೋಕೆ ಆಮೇಲೆ ಟೈಮಿದೆ. ತಿಮ್ಮೇಶನಿಗೆ ಫೋನ್ ಮಾಡಿ, ಹೆಸರು ಕಾಣೋ ಹಾಗೆ ಪೂರ್ತಿ ಮಾತ್ರೆ ಪಟ್ಟಿ ಫೋಟೋ ಕಳ್ಸೋಕೆ ಹೇಳಿ. ಚಂದ್ರು, ಆಟೋ ಕರಿ."

ತುಮಕೂರಿನ ಆಸ್ಪತ್ರೆಯಲ್ಲಿ ಹನುಮಕ್ಕ ಕಾರಿಡಾರ್ ಅಳೆಯುತ್ತ ಓಡಾಡಿದಳು. ಎಲೆ ಹಾಕಲೂ ಮನಸ್ಸು ಬರಲಿಲ್ಲ. ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಫೋಟೋ ನೋಡಿ, ಅವಳನ್ನು ಒಳಗೆ ಕರೆದರು.

"ಮಗುವಿನ ಎದೆಬಡಿತ ಚೆನ್ನಾಗಿದೆ ಅಮ್ಮ. ಆದ್ರೆ ಇದು ಒಪಿಯಾಯ್ಡ್ ಅನ್ನೋ, ಅಫೀಮಿನ ಜಾತಿ ನೋವಿನ ಮಾತ್ರೆ, ಮೈಗೆ ಅಭ್ಯಾಸ ಹತ್ತಿಸುತ್ತೆ. ಬಸುರೀರು ಇದನ್ನ ತುಂಬ ದಿನ ತಗೊಂಡ್ರೆ ದಿನ ತುಂಬೋಕ್ ಮುಂಚೆ ಹೆರಿಗೆ ಆಗಬಹುದು, ಮಗು ತೂಕ ಕಮ್ಮಿ ಆಗಬಹುದು. ಹುಟ್ಟಿದ್ಮೇಲೆ ಮಗು ನಡುಗೋದು, ಹಾಲು ಕುಡಿಯದೆ ಅಳೋದು, ಉಸಿರಾಟದ ತೊಂದರೆನೂ ಇರಬಹುದು. ಎಲ್ರಿಗೂ ಆಗೇ ಆಗುತ್ತೆ ಅಂತಲ್ಲ. ಯಾರಿಗೆ ಎಷ್ಟು ಅಪಾಯ ಅಂತ ಮೊದಲೇ ಹೇಳೋಕೂ ಆಗಲ್ಲ."

"ಅದ್ಕೇ ಬೆಂಕಿಗೆ ಹಾಕ್ದೆ ಡಾಕ್ಟರಮ್ಮ!"

"ಅಭ್ಯಾಸ ಆದ ಮೈಗೆ ತಟ್ಟಂತ ನಿಲ್ಸಿದ್ರೂ ತಾಯಿಗೂ ಮಗುಗೂ ಕಷ್ಟ. ನಾವು ನೋಡ್ಕೊಂಡು ನಿಧಾನವಾಗಿ ಇಳಿಸ್ತೀವಿ. ನೋವಿಗೂ ದಾರಿ ಇದೆ, ಸಹಿಸ್ಕೋ ಅಂತ ನಾನು ಹೇಳಲ್ಲ. ಹೆರಿಗೆ ಮಾತ್ರ ಆಸ್ಪತ್ರೇಲೇ ಆಗ್ಬೇಕು."

ಡಾಕ್ಟರಮ್ಮ ಹೇಳಿದ ಹಾಗೆ ಹೇಮಶ್ರೀಯ ಮಾತ್ರೆ ನಿಧಾನವಾಗಿ ಇಳಿಯುತ್ತ ಬಂತು. ಆದರೂ ಉಳಿದ ತಿಂಗಳುಗಳು ಹನುಮಕ್ಕನಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಸೊಸೆ ಕೆಮ್ಮಿದರೂ ಎದ್ದು ಕೂರುವಳು. ಕಡೆಗೆ ಹೆಣ್ಣು ಮಗು ಹುಟ್ಟಿತು, ತೂಕ ಕೊಂಚ ಕಡಿಮೆ. ವಿಷಯ ಮೊದಲೇ ತಿಳಿದಿದ್ದರಿಂದ ಡಾಕ್ಟರು ಮಗುವನ್ನು ಕೆಲವು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಮಗು ಮೊದಲ ಸಲ ಹೊಟ್ಟೆ ತುಂಬ ಹಾಲು ಕುಡಿದು ಮಲಗಿದಾಗ ಹನುಮಕ್ಕ ಗಟ್ಟಿಯಾಗಿ ಅತ್ತಳು.

ಮನೆಗೆ ಬಂದ ಮೇಲೆ ಪಕ್ಕದ ಮನೆಯ ತಿಪ್ಪಮ್ಮ ಜಗಲಿಗೆ ಬಂದಳು. "ನನ್ ಸೊಸೆಗೂ ಬೆನ್ನು ನೋವು ಕಣಕ್ಕ, ಮೂರು ತಿಂಗಳ ಬಸುರಿ. ಒಂದು ಮಾತ್ರೆ ಕೊಡು."

ಹನುಮಕ್ಕ ಚೀಲವನ್ನು ತೆಗೆದು ಅವಳ ಮುಂದೆ ತಲೆಕೆಳಗು ಮಾಡಿ ಕೊಡವಿದಳು. ಎರಡು ಎಲೆ, ಒಂದು ಅಡಿಕೆ ಹೋಳು, ಸುಣ್ಣದ ಡಬ್ಬಿ ಬಿದ್ದವು. "ಎಲೆ ಹಾಕ್ಕೊಳೇ ತಿಪ್ಪಿ. ಸೊಸೇನ ಕರ್ಕೊಂಡು ನಡಿ, ದಾಕ್ಷಾಯಣಿ ಹತ್ರ ನಾನೂ ಬತ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಚೀಲದಲ್ಲೂ, ದೇವರ ಗೂಡಿನಲ್ಲೂ ಇಂಥ ಮಾತ್ರೆ ಇದೆಯೇ ನೋಡಿ. ಟ್ರಮಡಾಲ್, ಟಪೆಂಟಡಾಲ್, ಕೋಡೀನ್ ಎಂಬ ಹೆಸರಿದ್ದರೆ ಇನ್ನೊಬ್ಬರಿಗೆ ಕೊಡಬೇಡಿ, ಬಸುರಿಗಂತೂ ಬೇಡವೇ ಬೇಡ. ಪಟ್ಟಿಯನ್ನು ಕತ್ತರಿಸಬೇಡಿ, ಹೆಸರು ಉಳಿಯಲಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ನಾಚಿಕೆಪಡದೆ ಇವತ್ತೇ ಡಾಕ್ಟರಿಗೆ ಹೇಳಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಅಥವಾ ಉಸಿರು ನಿಧಾನವಾದರೆ ತಕ್ಷಣ 108ಕ್ಕೆ ಕರೆ ಮಾಡಿ. ಪ್ರೀತಿಯಿಂದ ಕೊಟ್ಟದ್ದು ಎಂದು ಮಾತ್ರೆಗೆ ಗೊತ್ತಾಗುವುದಿಲ್ಲ.